ಕರ್ಚೀಫ್ ಒಣಗದ ಶನಿವಾರ

ಗವಿಪುರಂನ ಶಶಿಗೆ ಕ್ಷಮೆ ಕೇಳುವುದೇ ಸಂಬಳದ ಕೆಲಸ. ಫ್ರಿಜ್ಜು, ವಾಷಿಂಗ್ ಮೆಷಿನ್ನು ಮಾರುವ ಕಂಪನಿಯೊಂದರ ದೂರು ವಿಭಾಗದಲ್ಲಿ ಕನ್ನಡದ ಡೆಸ್ಕು ಅವನದು. ಮೆಜೆಸ್ಟಿಕ್ಕಿಗೆ ಹತ್ತಿರದ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ತುಮಕೂರಿನಲ್ಲಿ ತಣ್ಣಗಾಗದ ಫ್ರಿಜ್ಜಿಗೂ ಹಾಸನದಲ್ಲಿ ನೀರು ಸೋರುವ ಮೆಷಿನ್ನಿಗೂ ಅವನು ದಿನಕ್ಕೆ ಎಂಬತ್ತು ತೊಂಬತ್ತು ಸಲ "ನಿಮಗಾದ ತೊಂದರೆಗೆ ಮನಃಪೂರ್ವಕವಾಗಿ ವಿಷಾದಿಸ್ತೀವಿ" ಎನ್ನುತ್ತಿದ್ದ. ಆ ಫ್ರಿಜ್ಜನ್ನು ಅವನು ಮಾಡಿದ್ದಲ್ಲ, ಮಾರಿದ್ದಲ್ಲ, ಕೆಡಿಸಿದ್ದೂ ಅಲ್ಲ. ಬೇರೆಯವರ ತಪ್ಪಿಗೆ ಕ್ಷಮೆ ಕೇಳುವುದರಲ್ಲಿ ಅವನಷ್ಟು ಪಳಗಿದವರು ಆ ಮಹಡಿಯಲ್ಲಿ ಯಾರೂ ಇರಲಿಲ್ಲ. ತಿಂಗಳ ಉತ್ತಮ ನೌಕರ ಎಂದು ಎರಡು ಸಲ ಅವನ ಫೋಟೋವನ್ನು ಲಿಫ್ಟಿನ ಪಕ್ಕ ಅಂಟಿಸಿದ್ದರು. ಫೋಟೋದಲ್ಲೂ ಅವನು ಏನೋ ಮಾಡಬಾರದ್ದು ಮಾಡಿ ಸಿಕ್ಕಿಬಿದ್ದವನ ಹಾಗೇ ಕಾಣುತ್ತಿದ್ದ.

ಮನೆಯಲ್ಲಿ ಅವನು ಮತ್ತು ತಾಯಿ ಗಂಗರತ್ನಮ್ಮ, ಇಬ್ಬರೇ. ಆಕೆ ಸರ್ಕಾರಿ ಆಸ್ಪತ್ರೆಯೊಂದರ ಕಣ್ಣಿನ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಆಯಾ. ಗವಿ ದೇವಸ್ಥಾನದ ಹಿಂದಿನ ಓಣಿಯ ಆ ಬಾಡಿಗೆ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿಗೆ ಒರಗಿಕೊಂಡಂತೆ ಒಂದು ಶೀಟಿನ ರೂಮಿತ್ತು. ಬೆಳಿಗ್ಗೆ ಆರಕ್ಕೆ ಅಲ್ಲಿ ಹೋಗಿ ಕೂತರೆ, ಎಂಟಕ್ಕೆ ತಾಯಿ ಕೆಳಗಿನಿಂದ ಕೂಗುವವರೆಗೆ ಶಶಿ ಕತ್ತೆತ್ತುತ್ತಿರಲಿಲ್ಲ. ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಎತ್ತರದ ಸೈನಿಕರಿಗೆ ಬಣ್ಣ ಹಚ್ಚುವ ಹುಚ್ಚು ಅವನಿಗೆ. ಅಂಥ ಸೈನಿಕರನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಅಳತೆ ಟೇಪು ಹಿಡಿದು ಇಂಚಿಂಚೇ ನಡೆಸಿ, ದಾಳ ಹಾಕಿ ಸತ್ತವರಾರು ಉಳಿದವರಾರು ಎಂದು ತೀರ್ಮಾನಿಸುವ ಆಟವೊಂದಿದೆ. ಊರಿನಲ್ಲಿ ಅದನ್ನು ಆಡುವವರೇ ಬೆರಳೆಣಿಕೆಯಷ್ಟು. ಶಶಿ ಅದನ್ನೂ ಸರಿಯಾಗಿ ಆಡುತ್ತಿರಲಿಲ್ಲ, ಬರೀ ಬಣ್ಣ ಹಚ್ಚುತ್ತಿದ್ದ. ಯುದ್ಧದಲ್ಲೂ ತನಗೆ ಸಿಕ್ಕಿದ್ದು ದರ್ಜಿ ಕೆಲಸವೇ ಎಂದು ಅವನೇ ಹೇಳಿಕೊಂಡು ನಗುತ್ತಿದ್ದ.

ಹೋದ ವರ್ಷ ಸಂಬಂಧ ಮಾತಾಡಲು ಬಂದಿದ್ದ ಹೆಣ್ಣಿನ ಕಡೆಯವರು, "ಹುಡುಗನಿಗೆ ಏನಾದ್ರೂ ಅಭ್ಯಾಸ ಇದ್ಯಾ?" ಎಂದು ಕೇಳಿದ್ದರು. ಗಂಗರತ್ನಮ್ಮ ಸುಳ್ಳು ಹೇಳದ ಹೆಂಗಸು. "ಗೊಂಬೆಗೆ ಬಣ್ಣ ಹಚ್ತಾನೆ" ಎಂದುಬಿಟ್ಟರು. ಬಂದವರು ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನು ಮುಗಿಸಿ ಎದ್ದು ಹೋದವರು ಫೋನೂ ಮಾಡಲಿಲ್ಲ. "ಕುಡೀತಾನೆ ಅಂದಿದ್ರೂ ಅಷ್ಟು ಹೆದರ್ತಿರ್ಲಿಲ್ಲ ಬಿಡಮ್ಮ" ಎಂದ ಶಶಿ.

ಮೊದಮೊದಲು ಅವನು ಹಚ್ಚುತ್ತಿದ್ದದ್ದು ಇನ್ನೂ ಹುಟ್ಟಿಲ್ಲದ ಸೈನಿಕರಿಗೆ: ಬೇರೆ ಗ್ರಹಗಳಲ್ಲಿ ಕಾದಾಡುವವರು, ಕವಚ, ಮುಖವಾಡ, ಬೆಂಕಿಯುಗುಳುವ ಕೋವಿ. ಒಂದು ದಿನ ಅಂಥವನೊಬ್ಬನನ್ನು ಜೇಬಿಗೆ ಹಾಕಿಕೊಂಡು, ಅವನ ಕವಚಕ್ಕೆ ಹೊಂದುವ ಹಸಿರು ಹುಡುಕಲು ಚಾಮರಾಜಪೇಟೆಯ ಬಣ್ಣದಂಗಡಿಗೆ ಹೋಗಿದ್ದ. ಕೌಂಟರಿನಲ್ಲಿ ಪಕ್ಕಕ್ಕಿದ್ದ ಎತ್ತರದ ಮುದುಕರೊಬ್ಬರು ಅತಿ ಸಣ್ಣ ಬ್ರಷ್ಷೊಂದನ್ನು ಬೆಳಕಿಗೆ ಹಿಡಿದು, ಕೂದಲು ಎಣಿಸುವವರಂತೆ ನೋಡುತ್ತಿದ್ದರು. ಅವರ ಕಣ್ಣು ಶಶಿಯ ಕೈಯ ಕಡೆ ತಿರುಗಿತು.

"ಕೊಡ್ರೀ ಇಲ್ಲಿ" ಎಂದು ಆ ಸೈನಿಕನನ್ನು ಇಸಿದುಕೊಂಡು ಬಲಗಣ್ಣಿಗೆ ಒಂದು ಗೇಣು ದೂರಕ್ಕೆ ಹಿಡಿದರು. "ಯಾವ ಯುದ್ಧದವನು ಇವನು? ಯಾವ ಇಸವಿ?"

"ಇಪ್ಪತ್ತೇಳನೇ ಶತಮಾನ ಸರ್. ಮಂಗಳ ಗ್ರಹದಲ್ಲಿ."

"ಅಂದ್ರೆ ಇನ್ನೂ ಆಗಿಲ್ಲ."

"ಇಲ್ಲ ಸರ್."

"ಆಗಿರೋ ಯುದ್ಧಗಳೇ ಅಷ್ಟೊಂದು ಬಿದ್ದಿವೆ, ಯಾರೂ ಬಣ್ಣ ಹಚ್ಚೋರಿಲ್ಲ. ನೀವು ಆಗ್ದೇ ಇರೋದಕ್ಕೆ ಹಚ್ತಾ ಕೂತಿದೀರಾ?"

ಅಂಗಡಿಯವನು ಕಿಸಕ್ಕನೆ ನಕ್ಕ. ಶಶಿ ಹಲ್ಲು ಗಿಂಜಿದ. ಮುದುಕರು ಮಾತ್ರ ಸೈನಿಕನನ್ನು ಇನ್ನೂ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ಗಾಜಿನ ಮುಖವಾಡದ ಹಿಂದೆ ಕಣ್ಣಿಗೆ ಕರಿ ಚುಕ್ಕಿ ಇಟ್ಟಿದೀರಲ್ಲ. ಯಾರಿಗೆ ಕಾಣುತ್ತೆ ಅಂತ ಇಟ್ರಿ?"

"ಯಾರಿಗೂ ಕಾಣಲ್ಲ ಸರ್."

"ನಂಗೆ ಕಾಣ್ತು" ಎಂದರು ಅವರು.

ಹೀಗೆ ಶ್ರೀನಿವಾಸಯ್ಯ ಶಶಿಯ ಬದುಕಿನೊಳಗೆ ಬಂದದ್ದು. ಸರ್ವೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ನಕಾಶೆ ಬರೆದು ನಿವೃತ್ತರಾದವರು. ಬಸವನಗುಡಿಯಲ್ಲಿ ಹಳೇ ಬಂಗಲೆಯೊಂದನ್ನು ಒಡೆದು ಕಟ್ಟಿದ ಫ್ಲ್ಯಾಟುಗಳ ಪೈಕಿ ನೆಲಮಹಡಿಯದರಲ್ಲಿ ಅವರೂ ಹೆಂಡತಿ ಶೈಲಜಮ್ಮನೂ ಇದ್ದರು. ಸರ್ವಿಸಿನಲ್ಲಿದ್ದಾಗ ಅವರು ಇಂಗ್ಲೆಂಡಿನಿಂದ ಸ್ವಲ್ಪ ಸ್ವಲ್ಪವಾಗಿ ತರಿಸಿಕೊಂಡ ಲೋಹದ ಸೈನಿಕರು ಬಿಸ್ಕತ್ತಿನ ಡಬ್ಬಿಗಳಲ್ಲಿ ಬಣ್ಣವಿಲ್ಲದೆ ಮಲಗಿದ್ದರು. ಒಟ್ಟು ನೂರ ಎಂಬತ್ತಾರು. ಸಾವಿರದ ಏಳುನೂರ ತೊಂಬತ್ತೊಂದರಲ್ಲಿ ಇಂಗ್ಲಿಷರು ಬೆಂಗಳೂರು ಕೋಟೆಗೆ ಲಗ್ಗೆಯಿಟ್ಟರಲ್ಲ, ಆ ಯುದ್ಧದವರು. ನಿವೃತ್ತಿಯಾದ ಮೇಲೆ ನಿಧಾನವಾಗಿ ಬಣ್ಣ ಹಚ್ಚೋಣ ಎಂದುಕೊಂಡಿದ್ದರಂತೆ. ನಿವೃತ್ತಿಯಾಯಿತು, ಹತ್ತು ಸೈನಿಕರಿಗೆ ಹಚ್ಚಿದರು, ಅಷ್ಟರಲ್ಲಿ ಕಣ್ಣು ಕೈಕೊಟ್ಟಿತು. ಗ್ಲಾಕೋಮಾ. ಎಡಗಣ್ಣು ಪೂರ್ತಿ ಹೋಗಿತ್ತು. ಬಲಗಣ್ಣಿನಲ್ಲಿ ಸುತ್ತಲಿನದೆಲ್ಲ ಅಳಿಸಿಹೋಗಿ ಮಧ್ಯೆ ನಾಲ್ಕಾಣೆ ಅಗಲದ ಒಂದು ಜಾಗ ಉಳಿದಿತ್ತು. ಎದುರಿಗೆ ಬಂದ ಆಟೋ ಕಾಣದು, ಪೇಪರಿನ ಸಾಲು ಹಿಡಿದರೆ ಮುಂದಿನ ಸಾಲು ಸಿಗದು. ಆದರೆ ಆ ನಾಲ್ಕಾಣೆ ಜಾಗದೊಳಗೆ ಸೈನಿಕನೊಬ್ಬನನ್ನು ಭೂತಗನ್ನಡಿ ಹಾಕಿ ಹಿಡಿದರೆ ಅವನ ಅಂಗಿಯ ಗುಂಡಿ ಎಣಿಸುತ್ತಿದ್ದರು.

ಶಶಿ ಮೊದಲ ಸಲ ಮನೆಗೆ ಹೋದಾಗ ಶೈಲಜಮ್ಮ ಕಾಫಿ ಕೊಡುವ ಮುಂಚೆ, "ಯಾವ ಕಡೆಯವರಪ್ಪ ನೀವು?" ಎಂದು ಕೇಳಿದ್ದರು. ಈ ಪ್ರಶ್ನೆಯ ಒಳಗಿನ ಪ್ರಶ್ನೆ ಯಾವುದೆಂದು ಶಶಿಗೆ ಒಂದನೇ ಕ್ಲಾಸಿನಿಂದಲೂ ಗೊತ್ತು. "ಗವಿಪುರಂ ಕಡೆಯವರು ಮೇಡಂ, ನಡ್ಕೊಂಡೇ ಬಂದೆ" ಎಂದ. ಒಳಗಿನಿಂದ ಶ್ರೀನಿವಾಸಯ್ಯ, "ಅವನ ಕೈ ಎಂಥದ್ದು ಅಂತ ನಾನು ನೋಡಿದೀನಿ ಶೈಲಾ. ಕಾಫಿ ತಾ" ಎಂದು ಕೂಗಿದರು. ಕಾಫಿ ಬಂತು. ಅವರ ಮನೆಯವರು ಕುಡಿಯುವ ಲೋಟದಲ್ಲೇ ಬಂತು. ಶಶಿ ಅದನ್ನು ಗಮನಿಸಿದ್ದನ್ನು ಯಾರೂ ಗಮನಿಸಲಿಲ್ಲ.

ಅಲ್ಲಿಂದ ಹದಿನಾಲ್ಕು ತಿಂಗಳು ಅವನ ಬೆಳಗುಗಳೆಲ್ಲ ಆ ಡಬ್ಬಿಗಳಿಗೆ ಹೋದವು. ಮೈಸೂರಿನ ಸಿಪಾಯಿಗಳಿಗೆ ನೇರಳೆ ಅಂಗಿ, ಅದರ ತುಂಬ ಬಿಳಿ ಹುಲಿಪಟ್ಟೆ, ತಲೆಗೆ ಕೆಂಪು ರುಮಾಲು. ಒಬ್ಬನ ಅಂಗಿಗೆ ನಲವತ್ತು ಪಟ್ಟೆ. ಒಂದೊಂದು ಪಟ್ಟೆಗೂ ಉಸಿರು ಬಿಗಿಹಿಡಿಯಬೇಕು. ದಿನಕ್ಕೆ ನೂರು ಪಟ್ಟೆ ಎಳೆದು, ಅದೇ ಉಸಿರಿನಲ್ಲಿ ಬಸ್ಸು ಹತ್ತಿ, ಫ್ರಿಜ್ಜಿನ ಕ್ಷಮೆಗೆ ಹೋಗುತ್ತಿದ್ದ. ಮಾರ್ಕೆಟ್ಟಿನ ಬಳಿ ಕೋಟೆಯ ಅಳಿದುಳಿದ ದೆಹಲಿ ಬಾಗಿಲು ಬಸ್ಸಿನ ಕಿಟಕಿಯಿಂದ ಕಂಡರೆ, ತನ್ನ ಆಸ್ತಿಯನ್ನು ಯಾರಾದರೂ ಒತ್ತುವರಿ ಮಾಡಿದ್ದಾರೇನೋ ಎಂಬಂತೆ ಕತ್ತು ಚಾಚಿ ನೋಡುತ್ತಿದ್ದ. ಭಾನುವಾರ ಹನ್ನೊಂದಕ್ಕೆ ಆ ವಾರದ ಸೈನಿಕರನ್ನು ಬಸವನಗುಡಿಗೆ ಒಯ್ದು ತೋರಿಸಿ ವಾಪಸು ತರಬೇಕು. ಶ್ರೀನಿವಾಸಯ್ಯ ಕಿಟಕಿಯ ಬಳಿ ಕೂತು ಒಬ್ಬೊಬ್ಬನನ್ನೇ ಭೂತಗನ್ನಡಿಯ ಕೆಳಗೆ ಹಿಡಿಯುವರು.

"ಇವನ ಎಡ ತೋಳಲ್ಲಿ ಪಟ್ಟೆ ಮೇಲ್ಮುಖ ಆಗಿದ್ಯಲ್ಲ. ನಿದ್ದೇಗಣ್ಣಲ್ಲಿ ಹಚ್ಚಿದ್ಯಾ?"

"ಶತ್ರು ಹತ್ರ ಬಂದಾಗ ಅದನ್ನ ನೋಡಲ್ಲ ಸರ್."

"ಶತ್ರು ನೋಡದೇ ಇರ್ಬೋದು. ನಾನು ನೋಡ್ತೀನಿ. ತಗೊಂಡ್ಹೋಗಿ ಸರಿ ಮಾಡ್ಕೊಂಡ್ಬಾ."

ಸೈನಿಕರಲ್ಲದ ಒಬ್ಬನಿದ್ದ ಅವರ ನಡುವೆ: ಬೆನ್ನಿಗೆ ಚರ್ಮದ ಚೀಲ ಹೊತ್ತ ನೀರಿನವನು. ಆಟದ ನಿಯಮಗಳಲ್ಲಿ ಅವನಿಗೆ ಯಾವ ಕೆಲಸವೂ ಇಲ್ಲ. ಹೊಡೆಯುವುದಿಲ್ಲ, ಹೊಡೆಸಿಕೊಳ್ಳುವುದೂ ಇಲ್ಲ. "ಆದ್ರೂ ನಿಲ್ಸು, ನೀರಿಲ್ದೆ ಯಾವ ಕೋಟೆ?" ಎಂದಿದ್ದರು ಶ್ರೀನಿವಾಸಯ್ಯ. ಆ ಕೋಟೆಯಲ್ಲಿ ತನ್ನ ಕಡೆಯವರು ಯಾರಾದರೂ ಇದ್ದಿದ್ದರೆ ಈ ಕೆಲಸದಲ್ಲೇ ಇರುತ್ತಿದ್ದರು ಎಂದುಕೊಂಡ ಶಶಿ, ಅವನೊಬ್ಬನಿಗೇ ಐದು ಬೆಳಗು ಕೊಟ್ಟ. ರುಮಾಲಿಗೆ ಹಳದಿ ಹಚ್ಚಿದ, ಚೀಲದ ಹೊಲಿಗೆಯನ್ನೂ ಬಿಡಲಿಲ್ಲ.

ಅವರ ಬಳಿ ಕಲಿತ ಮುಖ್ಯ ಪಾಠವೆಂದರೆ ಕರ್ಚೀಫಿನದು. ಬಣ್ಣ ಮುಗಿದ ಮೇಲೆ ವಾರ್ನಿಷ್ ಸ್ಪ್ರೇ ಹೊಡೆಯಬೇಕು, ಇಲ್ಲವಾದರೆ ಬೆರಳು ತಾಗಿ ತಾಗಿ ಬಣ್ಣ ಸವೆದು ಹೋಗುತ್ತದೆ. ಆದರೆ ಗಾಳಿಯಲ್ಲಿ ತೇವವಿದ್ದಾಗ ಹೊಡೆದರೆ ವಾರ್ನಿಷ್ ಹಾಲುಹಾಲಾಗಿ ಬೆಳ್ಳಗೆ ಹೆಪ್ಪುಗಟ್ಟಿಬಿಡುತ್ತದೆ, ಕೆಳಗಿನ ಬಣ್ಣವೆಲ್ಲ ಮುಚ್ಚಿಹೋಗುತ್ತದೆ. ಅದಕ್ಕೆ ಶ್ರೀನಿವಾಸಯ್ಯ ಒಂದು ಉಪಾಯ ಹೇಳಿಕೊಟ್ಟಿದ್ದರು. ಕರ್ಚೀಫನ್ನು ನೀರಲ್ಲಿ ಅದ್ದಿ ಹಿಂಡಿ ತಾರಸಿಯ ಹಗ್ಗಕ್ಕೆ ಹಾಕು. ಒಂದು ಗಂಟೆಯಲ್ಲಿ ಅಂಚಿನ ಸಮೇತ ಒಣಗಿದರೆ ಹೊಡಿ. ಇಲ್ಲದಿದ್ದರೆ ಸ್ಪ್ರೇ ಡಬ್ಬಿ ಮುಟ್ಟಬೇಡ, ಅದು ಯಾರ ಮದುವೆಯ ದಿನವಾದರೂ ಸರಿ.

ಜುಲೈ ಕೊನೆಯ ವಾರ ಡಾಕ್ಟರು ಶ್ರೀನಿವಾಸಯ್ಯನವರಿಗೆ, ಕಣ್ಣಿನೊಳಗಿನ ಒತ್ತಡ ಇಳಿಯುತ್ತಿಲ್ಲ, ಬಲಗಣ್ಣಿಗೆ ಆಪರೇಷನ್ ಮಾಡಲೇಬೇಕು ಎಂದರು. ಮಾಡಿದರೆ ಇರುವುದು ಉಳಿಯಬಹುದು. ರೋಗ ಇಷ್ಟು ಮುಂದುವರಿದ ಕಣ್ಣಿನಲ್ಲಿ ಅಪರೂಪಕ್ಕೆ ಇರುವುದೂ ಹೋಗಬಹುದು. ಗುರುವಾರಕ್ಕೆ ದಿನ ಗೊತ್ತಾಯಿತು. ಫೋನು ಮಾಡಿದ ಶ್ರೀನಿವಾಸಯ್ಯನವರ ದನಿಯಲ್ಲಿ ಭಯವಿರಲಿಲ್ಲ, ಆತುರವಿತ್ತು.

"ಎಷ್ಟು ಬಾಕಿ ಇದೆಯಯ್ಯಾ?"

"ಬಣ್ಣ ಎಲ್ಲಾ ಮುಗೀತು ಸರ್. ನೀವು ಹಚ್ಚಿದ್ದ ಹತ್ತನ್ನೂ ಒಂಚೂರು ತಿದ್ದಿದೀನಿ. ವಾರ್ನಿಷ್ ಒಂದೇ ಬಾಕಿ."

"ಭಾನುವಾರ ಅಷ್ಟನ್ನೂ ತಗೊಂಬಾ. ಒಂದ್ಸಲ ಕೋಟೆ ಪೂರ್ತಿ ನೋಡ್ಬಿಡ್ತೀನಿ. ಆಮೇಲೆ ಗುರುವಾರ ಏನಾದ್ರೂ ಆಗ್ಲಿ."

ವಾರ್ನಿಷ್ ಇಲ್ಲದೆಯೇ ಒಯ್ದು ತೋರಿಸಿದ್ದರೆ ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ. ಆದರೆ ಹದಿನಾಲ್ಕು ತಿಂಗಳಲ್ಲಿ ಒಂದೇ ಒಂದು ಸಲವೂ ತಪ್ಪು ಹುಡುಕದೆ ಇರದ ಆ ಮುದುಕರ ಬಾಯಿಂದ 'ಭೇಷ್' ಎನ್ನಿಸಿಕೊಳ್ಳಬೇಕೆಂಬ ಆಸೆ ಶಶಿಗೆ ತಲೆಗೇರಿತ್ತು. ಕಂಪನಿಯವರು ಲಿಫ್ಟಿನ ಪಕ್ಕ ಅಂಟಿಸಿದ ಫೋಟೋ ಅವನಿಗೆ ಸಾಲದಾಗಿತ್ತು.

ಶನಿವಾರ ಬೆಳಗಿನಿಂದ ಜಿಟಿಜಿಟಿ ಮಳೆ. ಮೂರು ಗಂಟೆಗೆ ನಿಂತಿತು, ಮೋಡದ ಸಂದಿಯಲ್ಲಿ ಒಂದು ತೇಪೆಯಷ್ಟು ಬಿಸಿಲು ಬಿತ್ತು. ಶಶಿ ಕರ್ಚೀಫ್ ಹಾಕಿ ಒಂದು ಗಂಟೆ ಕಾದ. ನಾಲ್ಕಕ್ಕೆ ಮುಟ್ಟಿ ನೋಡಿದ. ಮಧ್ಯೆ ಒಣಗಿತ್ತು. ಅಂಚು ತಣ್ಣಗಿತ್ತು. ಅಂಚು ದಪ್ಪ, ಅದು ಯಾವಾಗಲೂ ತಡವಾಗಿಯೇ ಒಣಗುವುದು ಎಂದುಕೊಂಡ. ಇನ್ನೊಂದು ಸಲ ಮುಟ್ಟಲಿಲ್ಲ. ಮೊದಲು ಒಬ್ಬನ ಮೇಲೆ ಹೊಡೆದು ನೋಡಬೇಕೆಂಬುದೂ ಗೊತ್ತಿತ್ತು. ಆದರೆ ಬಸವನಗುಡಿಯ ಕಡೆಯಿಂದ ಮತ್ತೆ ಮೋಡ ಏರುತ್ತಿತ್ತು. ನೂರ ಎಂಬತ್ತಾರು ಜನರನ್ನೂ ಹಲಗೆಗಳ ಮೇಲೆ ಸಾಲಾಗಿ ನಿಲ್ಲಿಸಿ ಒಂದೇ ಸಲಕ್ಕೆ ಹೊಡೆದು ಮುಗಿಸಿದ.

ಹಸಿಯಿರುವಾಗ ಅವರು ಹೊಳೆದರು. ಕೆಂಪು ಕೆಂಡದಂತೆ, ನೇರಳೆ ಮಾಗಿದ ಹಣ್ಣಿನಂತೆ. ಶಶಿ ಸೊಂಟಕ್ಕೆ ಕೈಕೊಟ್ಟು ಸೇನಾಧಿಪತಿಯ ಹಾಗೆ ನಿಂತು ನೋಡಿದ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮೊದಲ ಸಾಲಿನ ರುಮಾಲುಗಳ ಮೇಲೆ ಏನೋ ಬೂಷ್ಟಿನ ಹಾಗೆ ಎದ್ದಿತು. ಉಫ್ ಎಂದು ಊದಿದ. ಹೋಗಲಿಲ್ಲ. ಎರಡನೇ ಸಾಲು ಬೆಳ್ಳಗಾಯಿತು, ಮೂರನೆಯದು, ನಾಲ್ಕನೆಯದು. ಅವನ ಕಣ್ಣೆದುರಿಗೇ ಇಡೀ ಸೈನ್ಯ ಮಂಜಿನೊಳಗೆ ನಡೆದುಹೋಯಿತು. ಕೊನೆಗೆ ಹೋದವನು ನೀರಿನವನು.

ಗಂಗರತ್ನಮ್ಮ ಬಟ್ಟೆ ತೆಗೆಯಲು ಮೇಲೆ ಬಂದವರು ಮಗ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಿರುವುದನ್ನು ಕಂಡರು. "ಏನಾಯ್ತೋ?" ಎಂದರು. "ಏನಿಲ್ಲ" ಎಂದ. ಆಕೆ ಕರ್ಚೀಫನ್ನು ಹಗ್ಗದಿಂದ ಎಳೆದುಕೊಂಡು, "ಇದಿನ್ನೂ ಹಸಿ" ಎನ್ನುತ್ತಾ ಮತ್ತೆ ಅಲ್ಲೇ ಹಾಕಿ ಇಳಿದು ಹೋದರು.

ಭಾನುವಾರ ಮೊಟ್ಟೆಯಿಡುವ ಆರು ಟ್ರೇಗಳ ತುಂಬ ಸೈನಿಕರು, ಏಳನೆಯದರಲ್ಲಿ ಆರು ಜನ. ಆಟೋದವನು, "ಹೋಟ್ಲಾ ಗುರು?" ಎಂದ. ಶಶಿ ಬಾಗಿಲಲ್ಲೇ ಹೇಳಿಬಿಡುವುದೆಂದು ನಿಶ್ಚಯಿಸಿದ್ದ. ತಪ್ಪಾಯ್ತು ಸರ್, ಅಂಚು ಒಣಗಿರಲಿಲ್ಲ, ಆದರೂ ಹೊಡೆದೆ. ಮೂರೇ ಮಾತು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದ.

ಶ್ರೀನಿವಾಸಯ್ಯ ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಕಾಯುತ್ತಿದ್ದರು. ಊಟದ ಮೇಜಿನ ಮೇಲೆ ಥರ್ಮಕೋಲಿನ ಕೋಟೆ ತಯಾರಾಗಿತ್ತು, ಅವರೇ ಅಳತೆ ಹಾಕಿ ಕೊಯ್ದದ್ದು. ಶೈಲಜಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ಒಂದು ಸಲ ಧೂಳು ಹೊಡೆಯಲು ಹೋಗಿ ಯಾರದೋ ಬಂದೂಕಿನ ತುದಿ ಮುರಿದಿದ್ದರಿಂದ ಆ ಮೇಜಿನ ಹತ್ತಿರ ಬರಲು ಅವರಿಗೆ ಅಪ್ಪಣೆಯಿರಲಿಲ್ಲ.

"ಸರ್, ಒಂದ್ ಮಾತು..." ಎಂದ ಶಶಿ.

"ಮಾತು ಆಮೇಲೆ" ಎನ್ನುತ್ತಾ ಶ್ರೀನಿವಾಸಯ್ಯ ಟ್ರೇಯೊಳಗೆ ಕೈಯಾಡಿಸಿ ಒಬ್ಬನನ್ನು ಎತ್ತಿಕೊಂಡು ಕಿಟಕಿಗೆ ಹೋದರು. ಭೂತಗನ್ನಡಿ ಹಿಡಿದರು. ಕನ್ನಡಿಯನ್ನು ಹತ್ತಿರ ತಂದರು, ದೂರ ಒಯ್ದರು. ಅದನ್ನು ಷರಟಿನ ತುದಿಯಿಂದ ಒರೆಸಿ ಮತ್ತೆ ಹಿಡಿದರು. ಆ ಸೈನಿಕನನ್ನಿಟ್ಟು ಇನ್ನೊಬ್ಬನನ್ನು ತೆಗೆದುಕೊಂಡರು. ಆಮೇಲೆ ಮತ್ತೊಬ್ಬನನ್ನು. ತಾವೇ ಹಚ್ಚಿದ್ದ ಹತ್ತರಲ್ಲಿ ಒಬ್ಬನನ್ನು ಕೈಬೆರಳಿನಿಂದ ಗುರುತಿಸಿ ಹುಡುಕಿ ಅವನನ್ನೂ ಬೆಳಕಿಗೆ ಹಿಡಿದರು.

"ಶಶಿ" ಎಂದರು, ಹೊರಗೆ ನೋಡುತ್ತಾ. "ಇವನ ರುಮಾಲು ಕೆಂಪು ಅಲ್ವಾ?"

"ಹೌದು ಸರ್."

"ಪಟ್ಟೆ ಇದೆ ಅಲ್ವಾ?"

"ಇದೆ ಸರ್."

"ಹೂಂ." ಭೂತಗನ್ನಡಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. "ಗುರುವಾರದವರೆಗೂ ಇರುತ್ತೆ ಅಂದ್ಕೊಂಡಿದ್ದೆ. ಇರ್ಲಿಲ್ಲ. ಬರೀ ಬಿಳಿ ಕಾಣ್ತಿದೆ ಕಣಯ್ಯ. ಮುಗೀತು."

ಆಗ ಹೇಳಬೇಕಿತ್ತು. ಮೂರು ಮಾತೂ ಗಂಟಲಲ್ಲೇ ಇದ್ದವು. ಆದರೆ ಶಶಿ ಆ ಮುಖವನ್ನೇ ನೋಡುತ್ತಾ ನಿಂತ. ಒಂದು ಉಸಿರಿನಷ್ಟು ತಡವಾಯಿತು. ಆಮೇಲೆ ಹೇಳಿದರೆ, ಇಷ್ಟು ಹೊತ್ತು ಯಾಕೆ ಸುಮ್ಮನಿದ್ದೆ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಇನ್ನೊಂದು ಉಸಿರು ಕಳೆದ ಮೇಲೆ ಅದು ಇನ್ನೂ ದೊಡ್ಡದಾಯಿತು. ಶ್ರೀನಿವಾಸಯ್ಯ ತಡವರಿಸಿಕೊಂಡು ಕುರ್ಚಿ ಹಿಡಿದು ಕೂತು, "ತಗೊಂಡ್ಹೋಗು ಇವರನ್ನ. ನಿನ್ನ ಹತ್ರ ಇದ್ರೆ ಯಾರಾದ್ರೂ ನೋಡ್ತಾರೆ. ನಂಗೇನಕ್ಕೆ?" ಎಂದರು.

ಗೇಟಿನವರೆಗೆ ಬಂದ ಶೈಲಜಮ್ಮ ಟ್ರೇಯ ಕಡೆ ಬಗ್ಗಿ, "ಯಾಕಪ್ಪ ಎಲ್ಲಾ ಬೆಳ್ಳಗಿದೆ?" ಎಂದು ಪಿಸುಗುಟ್ಟಿದರು.

"ಧೂಳು ಮೇಡಂ" ಎಂದ ಶಶಿ. "ಯುದ್ಧಭೂಮಿ ಧೂಳು. ಹಂಗೇ ಕಾಣ್ಬೇಕು ಅಂತ ಮಾಡಿರೋದು."

"ಅಯ್ಯೋ, ಅಷ್ಟೆಲ್ಲಾ ಮಾಡ್ತೀರಾ!" ಎಂದರು ಆಕೆ, ಮೆಚ್ಚಿಗೆಯಿಂದ. ಹದಿನಾಲ್ಕು ತಿಂಗಳ ಕೆಲಸಕ್ಕೆ ಆ ಮನೆಯಿಂದ ಅವನಿಗೆ ಸಿಕ್ಕ ಹೊಗಳಿಕೆ ಅದೊಂದೇ.

ಬುಧವಾರ ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ನಿಂತು ಫೋನು ಮಾಡಿದ. ಶೈಲಜಮ್ಮ ಎತ್ತಿದರು. "ಆಪರೇಷನ್ ಬೇಡ ಅಂತಿದಾರಪ್ಪ. ಬಾಗಿಲು, ಗೋಡೆ ಕಂಡು ಏನಾಗ್ಬೇಕು, ಸಣ್ಣದು ನೋಡೋ ಕಣ್ಣೇ ಹೋಯ್ತಂತೆ, ಇನ್ನೇನನ್ನ ಉಳಿಸೋಕೆ ಕೊಯ್ಸಿಕೊಳ್ಳಲಿ ಅಂತಾರೆ. ಆಸ್ಪತ್ರೆಗೆ ಬರೋಕೂ ಒಪ್ತಿಲ್ಲ. ನೀನಾದ್ರೂ ಹೇಳು."

"ಹೇಳ್ತೀನಿ ಮೇಡಂ" ಎಂದ ಶಶಿ. ಆಫೀಸಿನಲ್ಲಿ ಒಂದು ನಿಯಮವಿತ್ತು: ಕೆಟ್ಟ ಭಾಗಕ್ಕೆ ಬದಲಿ ಕೈಗೆ ಬರುವ ತನಕ ಗ್ರಾಹಕನಿಗೆ ಫೋನು ಮಾಡಬಾರದು, ಬರೀ ಕ್ಷಮೆ ಕೇಳಿದರೆ ಇನ್ನೂ ಕೂಗಾಡುತ್ತಾನೆ. ಮೊದಲು ಸರಿಪಡಿಸು, ಆಮೇಲೆ ಹೇಳು. ಶಶಿ ಆ ನಿಯಮವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಸೈನ್ಯವನ್ನು ಮೊದಲಿನಂತೆ ಮಾಡಿ ಒಯ್ದು ಮುಂದಿಟ್ಟು, ನೋಡಿ ಸರ್, ನಿಮ್ಮ ಕಣ್ಣಿಗೇನೂ ಆಗಿರಲಿಲ್ಲ, ಎಂದರೆ ಅದು ತಪ್ಪೊಪ್ಪಿಗೆಯಂತಿರುವುದಿಲ್ಲ, ಉಡುಗೊರೆಯಂತಿರುತ್ತದೆ ಎಂದು ಲೆಕ್ಕ ಹಾಕಿದ. ಅಂದು ರಾತ್ರಿ ಊಟಕ್ಕೆ ಕೂತಾಗ ಮಾತಿಗೆ ಮಾತು ಬಂದು ಗಂಗರತ್ನಮ್ಮ, "ಆಪರೇಷನ್ ಒಂದೆರಡು ತಿಂಗ್ಳು ತಡ ಆದ್ರೂ ಪರ್ವಾಗಿಲ್ಲ ಕಣೋ, ಡ್ರಾಪ್ಸ್ ಬಿಡಬಾರ್ದು. ಆ ರೋಗದಲ್ಲಿ ಹೋಗಿದ್ದು ವಾಪಸ್ ಬರಲ್ಲ. ಹಾಕ್ಕೋತಿದಾರೆ ತಾನೆ?" ಎಂದರು.

"ಹಾಕ್ಕೋತಾರಮ್ಮ. ತುಂಬಾ ಶಿಸ್ತಿನ ಮನುಷ್ಯ."

ಕೇಳಿ ತಿಳಿದುಕೊಳ್ಳಬಹುದಿತ್ತು. ಕೇಳಲಿಲ್ಲ.

ಹೆಪ್ಪುಗಟ್ಟಿದ ವಾರ್ನಿಷ್ಷಿನ ಮೇಲೆ ಹೊಳಪಿನ ವಾರ್ನಿಷ್ಷನ್ನು ಬ್ರಷ್ಷಿನಿಂದ ತೆಳ್ಳಗೆ ಹಚ್ಚಿದರೆ ಮಂಜು ಕರಗಿ ಬಣ್ಣ ಮೇಲೆ ಬರುತ್ತದೆ. ಎಲ್ಲರಿಗೂ ಬರುವುದಿಲ್ಲ. ಬರದವರಿಗೆ ಮತ್ತೆ ಮೊದಲಿನಿಂದ ಬಣ್ಣ, ಮತ್ತೆ ನಲವತ್ತು ಪಟ್ಟೆ. ಒಂಬತ್ತು ವಾರ ಹಿಡಿಯಿತು. ಆ ಒಂಬತ್ತು ಭಾನುವಾರವೂ ಶಶಿ ಬಸವನಗುಡಿಗೆ ಹೋಗಲಿಲ್ಲ, 'ಆಫೀಸಲ್ಲಿ ಕೆಲಸ ಸರ್' ಎಂದು ಮೆಸೇಜು ಕಳಿಸುತ್ತಿದ್ದ. ಅವರು ಮೆಸೇಜು ಓದಲಾರರು ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಕಳಿಸುತ್ತಿದ್ದ.

ಅಕ್ಟೋಬರಿನ ಆ ಭಾನುವಾರ ಬಿಸಿಲು ಎಷ್ಟು ಚುರುಕಾಗಿತ್ತೆಂದರೆ ಕರ್ಚೀಫ್ ಇಪ್ಪತ್ತು ನಿಮಿಷದಲ್ಲಿ ಹಪ್ಪಳವಾಗುತ್ತಿತ್ತು. ಏಳು ಟ್ರೇ ಹಿಡಿದು ನಿಂತವನಿಗೆ ಶೈಲಜಮ್ಮ ಬಾಗಿಲು ತೆರೆದರು. ಅವರು ಸೊರಗಿದ್ದರು.

"ಬಾರಪ್ಪ. ನೀನೂ ಬಿಟ್ಟುಬಿಟ್ಟೆ ಅಂದ್ಕೊಂಡಿದ್ರು."

"ಸರ್ ಹೆಂಗಿದಾರೆ ಮೇಡಂ? ಡ್ರಾಪ್ಸ್ ಎಲ್ಲಾ..."

"ಎಲ್ಲಿ ಡ್ರಾಪ್ಸು? ಅವತ್ತೇ ನಿಲ್ಲಿಸಿಬಿ‌ಟ್ರು. ಒಣಗಿದ ಬಾವಿಗೆ ಯಾಕೆ ನೀರು ಹಾಕ್ತೀಯ ಅಂದ್ರು, ಬಾಟ್ಲಿ ಕಸಕ್ಕೆ ಹಾಕಿದ್ರು. ಎಷ್ಟು ಅತ್ತೆ, ಕೇಳ್ಲಿಲ್ಲ. ಹೋದ ವಾರ ತಲೆನೋವು ತಡೀಲಾರ್ದೆ ಕರ್ಕೊಂಡ್ಹೋದ್ವಿ. ಈಗ ಇನ್ನೇನಿಲ್ಲಪ್ಪ. ಕಿಟಕಿ ಎಲ್ಲಿದೆ ಅಂತ ಗೊತ್ತಾಗುತ್ತೆ, ಅಷ್ಟೇ."

ಶಶಿ ಟ್ರೇಗಳ ಸಮೇತ ತಿರುಗಿ ಹೊರಟುಹೋಗಲು ಕಾಲೆತ್ತಿದ. ಒಳಗಿನಿಂದ, "ಯಾರು, ಶಶೀನಾ? ಬಾರಯ್ಯ, ಬಾ" ಎಂಬ ದನಿ ಬಂತು. ಆ ದನಿಯಲ್ಲಿದ್ದ ಸಂತೋಷ ಅವನನ್ನು ಒಳಗೆ ಎಳೆದುಕೊಂಡಿತು.

ಏನು ಮಾಡಬೇಕೆಂದು ತೋಚದೆ ಅವನು ಕೋಟೆಯನ್ನು ಜೋಡಿಸಿದ. ಗೋಡೆಯ ಮೇಲೆ ಸಿಪಾಯಿಗಳು, ಬುರುಜಿನಲ್ಲಿ ರಾಕೆಟ್ ಹಾರಿಸುವ ಬಾಣದವರು, ಹೊರಗೆ ಕೆಂಪು ಕೋಟಿನ ಇಂಗ್ಲಿಷರು, ದೆಹಲಿ ಬಾಗಿಲ ಒಳಗೆ ಎಡಕ್ಕೆ ನೀರಿನವನು. ಶ್ರೀನಿವಾಸಯ್ಯ ಲೋಹ ಹಲಗೆಗೆ ತಾಗುವ ಸದ್ದನ್ನು ತಲೆ ಓರೆ ಮಾಡಿಕೊಂಡು ಕೇಳುತ್ತಿದ್ದರು. ಕಾಫಿ ತಂದ ಶೈಲಜಮ್ಮ ಈ ಸಲ ಮೇಜಿನ ಹತ್ತಿರವೇ ಬಂದರು. ಬರಬೇಡ ಎನ್ನುವವರು ಈಗ ಯಾರೂ ಇರಲಿಲ್ಲ.

"ಅಬ್ಬಾ, ಏನು ಬಣ್ಣ!" ಎಂದರು. "ಆದ್ರೆ ಶಶಿ, ಅವತ್ತಿನ ಧೂಳೆಲ್ಲ ಎಲ್ಲಿ? ಒರೆಸಿಬಿಟ್ಯಾ?"

"ಯಾವ ಧೂಳು?" ಎಂದರು ಶ್ರೀನಿವಾಸಯ್ಯ.

"ಅವತ್ತು ಎಲ್ಲದರ ಮೇಲೂ ಬಿಳೀ ಧೂಳಿತ್ತಲ್ರೀ. ನೀವು ಕಿಟಕಿ ಹತ್ರ ಹಿಡ್ಕೊಂಡು ನೋಡ್ತಿದ್ರಲ್ಲ, ಆವತ್ತು. ಯುದ್ಧದ ಧೂಳಂತೆ. ಶಶೀನೇ ಹೇಳ್ದ."

ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ಶ್ರೀನಿವಾಸಯ್ಯ ಮೂವತ್ತನಾಲ್ಕು ವರ್ಷ ಒಂದು ಗೆರೆಯ ಪಕ್ಕ ಇನ್ನೊಂದು ಗೆರೆಯಿಟ್ಟು ನಕಾಶೆ ಬರೆದವರು. ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಹಿಂದಿನ ದಿನ ಮಳೆ ಬಂದಿತ್ತು" ಎಂದರು.

"ಹೌದು ಸರ್."

"ಕರ್ಚೀಫ್ ಹಾಕಿದ್ಯಾ?"

"ಹಾಕಿದ್ದೆ ಸರ್."

"ಒಣಗಿತ್ತಾ?"

"ಅಂಚು ಒಣಗಿರ್ಲಿಲ್ಲ ಸರ್."

ಶ್ರೀನಿವಾಸಯ್ಯನವರ ಕೈ ಜೇಬಿನತ್ತ ಹೋಯಿತು. ಭೂತಗನ್ನಡಿ ಅಲ್ಲಿರಲಿಲ್ಲ. ಕೈ ಮಡಿಲಿಗೆ ವಾಪಸು ಬಂತು.

"ಹಾಗಾದ್ರೆ ಅವತ್ತು ನಂಗೆ ಕಾಣ್ತಿತ್ತು" ಎಂದರು.

ಅದು ಪ್ರಶ್ನೆಯಾಗಿರಲಿಲ್ಲ. ಶಶಿ ಬಾಯಿ ತೆರೆದ. ಆರು ವರ್ಷದಿಂದ ದಿನಕ್ಕೆ ತೊಂಬತ್ತು ಸಲ ಪಳಗಿದ ಬಾಯಿ ತಾನಾಗಿಯೇ, "ನಿಮಗಾದ ತೊಂದರೆಗೆ ಮನಃಪೂರ್ವಕವಾಗಿ..." ಎಂದಿತು. ತನ್ನ ಕಿವಿಗೆ ಅದು ಬಿದ್ದೊಡನೆ ನಿಲ್ಲಿಸಿದ. ಬೇರೆ ಮಾತು ಹುಡುಕಿದ. ಒಳಗೆ ಬೇರೆ ಯಾವುದೂ ಇರಲಿಲ್ಲ.

ಶೈಲಜಮ್ಮ ಕಾಫಿಯ ತಟ್ಟೆ ಹಿಡಿದುಕೊಂಡೇ ಹತ್ತಿರದ ಕುರ್ಚಿಯ ಮೇಲೆ ಕೂತರು. ಗಂಡನ ಮುಖ ನೋಡಿದರು, ಶಶಿಯ ಮುಖ ನೋಡಿದರು. ಆಕೆ ಬಯ್ಯಲಿಲ್ಲ. ಬೈದಿದ್ದರೆ ಬಯ್ಯಿಸಿಕೊಳ್ಳುವ ಕೆಲಸವಾದರೂ ಅವನಿಗೆ ಇರುತ್ತಿತ್ತು. ಕೊನೆಗೆ ಶ್ರೀನಿವಾಸಯ್ಯ, "ಅವನಿಗೆ ಕಾಫಿ ಕೊಡು ಶೈಲಾ, ಆರೋಗುತ್ತೆ" ಎಂದರು. ಶಶಿ ಕುಡಿದ. ಅದೇ ಲೋಟ.

ಇನ್ನು ಅವನು ಆ ಕಡೆ ತಲೆ ಹಾಕುವುದಿಲ್ಲ ಎಂದು ಯಾರಾದರೂ ಅಂದುಕೊಳ್ಳಬಹುದು. ಅವನೂ ಹಾಗೆಯೇ ಅಂದುಕೊಂಡಿದ್ದ. ಮುಂದಿನ ಭಾನುವಾರ ಹನ್ನೊಂದಕ್ಕೆ ಫೋನು ಬಂತು. "ಎಲ್ಲಿದೀಯ? ಕೋಟೆ ಹಂಗೇ ಇದೆ. ಆಡೋರ್ಯಾರು?"

ಅಂದಿನಿಂದ ಪ್ರತಿ ಭಾನುವಾರ ಅವರಿಬ್ಬರೂ ಆಡುತ್ತಾರೆ. ಶ್ರೀನಿವಾಸಯ್ಯ ಕೋಟೆಯನ್ನು ಕಾಯುತ್ತಾರೆ. ಪ್ರತಿಯೊಬ್ಬ ಸಿಪಾಯಿಯ ಜಾಗವೂ ಅವರ ತಲೆಯಲ್ಲಿದೆ. ಬಾಯಿಯಲ್ಲಿ ಅಪ್ಪಣೆ ಕೊಡುತ್ತಾರೆ, ಶಶಿ ಎರಡೂ ಕಡೆಯವರನ್ನು ನಡೆಸುತ್ತಾನೆ. ಹುಡುಗಾಟವಿಲ್ಲ, ಹಿಂದಿನ ಬೈಗುಳವೂ ಇಲ್ಲ. ಆ ಶನಿವಾರದ ಮಾತನ್ನು ಅವರು ಮತ್ತೆ ಎತ್ತಿಲ್ಲ. ಪಟ್ಟೆ ಮೇಲ್ಮುಖವಾಗಿದೆ ಎಂದು ಒಮ್ಮೆ ಗದರಿಸಲಿ ಎಂದು ಶಶಿ ಕಾಯುತ್ತಾನೆ.

ದಾಳ ಬಿದ್ದಾಗ ಅವನು ಅಂಕೆ ಹೇಳುತ್ತಾನೆ. ಶ್ರೀನಿವಾಸಯ್ಯ ಕೈ ಚಾಚಿ, ಮೇಜಿನ ಮೇಲೆ ತಡಕಿ ದಾಳವನ್ನು ಹುಡುಕಿ, ಅದರ ಮೇಲಿನ ಕುಳಿಗಳನ್ನು ಉಗುರಿನಿಂದ ಒಂದೊಂದಾಗಿ ಎಣಿಸುತ್ತಾರೆ. ಸರಿಯಿದ್ದರೆ "ಹೂಂ" ಎನ್ನುತ್ತಾರೆ. ಇಲ್ಲಿಯವರೆಗೆ ಪ್ರತಿ ಸಲವೂ ಸರಿಯಾಗಿದೆ. ಆದರೂ ಪ್ರತಿ ಸಲವೂ ಎಣಿಸುತ್ತಾರೆ.

ಬಣ್ಣಕ್ಕೆ ಕುಳಿಗಳಿಲ್ಲ. ಅದನ್ನು ಕೇಳಿಯೇ ತಿಳಿದುಕೊಳ್ಳಬೇಕು.

"ನೀರಿನವನು ಎಲ್ಲಿದಾನೆ?"

"ಬಾಗಿಲ ಒಳಗೆ ಸರ್, ಎಡಕ್ಕೆ."

"ರುಮಾಲು ಯಾವ ಬಣ್ಣ?"

"ಹಳದಿ ಸರ್."

"ನಿಜವಾಗ್ಲೂನಾ?"

"ನಿಜವಾಗ್ಲೂ ಸರ್" ಎನ್ನುತ್ತಾನೆ ಶಶಿ. ಮುದುಕರು ಬೆರಳನ್ನು ಆ ರುಮಾಲಿನ ಮೇಲೆ ಇಟ್ಟುಕೊಂಡು, ಕಿಟಕಿಯ ಕಡೆಗೆ ಮುಖ ಮಾಡುತ್ತಾರೆ.